ಕಸೂತಿ ತೋಟಕ್ಕ ಕಾರ್ಬನ್ ಬ್ಯಾಡ್ರಿ

ವೈನಿ, ದಿಂಬಿನ ಕವರಿನ ಮ್ಯಾಲೆ ತುಳಸಿಕಟ್ಟಿ, ಗಿಳಿ, ನವಿಲು ಹಾಕಿ ತೋಟ ಮಾಡ್ಲಿಕ್ಕತ್ತೀನಿ, ಗೆರಿ ಸೊಟ್ಟ ಬರ್ತಾವ, ಹಿಂದ ದಾರ ಜೋತಾಡ್ತಾವ ಅಂತ ಕೇಳಿದ್ರೆಲ್ಲಾ. ಫೋಟೋದಾಗ ಕಾರ್ಬನ್ ಗುರ್ತು ಕಾಣಸ್ತದ. ಅಲ್ಲೇ ತಪ್ಪಿದ್ದು. ಕಸೂತಿ ಎಳಿ ಎಣಿಸಿ ಹಾಕೋದು, ಬರಕೊಂಡು ಹಾಕೋದಲ್ಲ. ನೀವು ಬರದ ಗೆರಿ ಒಂದು ಕಡೆ, ಬಟ್ಟಿ ಎಳಿ ಇನ್ನೊಂದು ಕಡೆ ಹೋದ್ರ ಸೂಜಿ ಎಳಿ ಸೀಳತದ.

ಇಂಚಿಗೆ 11 ಚೌಕ ಬರೋ ಮ್ಯಾಟಿ ಬಟ್ಟಿ ತಗೋರಿ. 12 ಇಂಚಿನ ತೋಟಕ್ಕ 132 ಚೌಕ. ಮೊದಲು ಚೌಕದ ಹಾಳಿ ಮ್ಯಾಲೆ ಹಾಕಿ ನೋಡ್ರಿ, ತುಳಸಿಕಟ್ಟಿಗೆ 44 ಚೌಕ ಅಗಲ ಅಂದ್ರ 4 ಇಂಚು ಆತು. ಬಟ್ಟಿ ನಾಕು ಮಡಿಕಿ ಮಾಡಿ ನಡುವ ಕಚ್ಚಾ ದಾರ ಓಡಿಸಿ ಅಲ್ಲಿಂದ ಎಣಿಸ್ರಿ. ಗಿಳಿ ಕಟ್ಟಿಯಷ್ಟs ದೊಡ್ಡದಾದ್ರೂ ನಡೀತದ, ಕಸೂತಿ ತೋಟದಾಗ ಅಳತಿ ಯಾರೂ ಕೇಳೂದಿಲ್ಲ.

ದಾರ ಎರಡೆಳಿ, ಒಂದು ಮೊಳ ಸಾಕು. ಉದ್ದ ಆದ್ರ ಜುಂಗು ಎದ್ದು ಗಂಟು ಬೀಳ್ತದ. ಸೂಜಿ 24 ನಂಬರಿನ ಮೊಂಡ ಸೂಜಿ. ಶುರುವಿಗೆ ಗಂಟು ಹಾಕಬ್ಯಾಡ್ರಿ, ಎರಡು ಇಂಚು ಬಾಲ ಬಿಡ್ರಿ, ಆಮ್ಯಾಲೆ ಹೊಲಿಗಿ ಒಳಗ ಮುಚ್ಚಿ ಸೇರಿಸ್ರಿ.

ಈಗ ಮುಖ್ಯದ್ದು, ಗವಂತಿ ಅನ್ನೋ ಗೆರಿ ಹೊಲಿಗಿ. ಹೋಗೋವಾಗ ಒಂದು ಚೌಕ ಹಾಕಿ ಒಂದು ಬಿಡ್ರಿ, ಬರೋವಾಗ ಬಿಟ್ಟಿದ್ದು ತುಂಬ್ರಿ. ಒಂದಿಂಚು ಗೆರಿಗೆ ಎರಡಿಂಚು ದಾರ ಹೋಗ್ತದ, ಅಂದ್ರ ಒಂದು ಮೊಳದಾಗ ಏಳಿಂಚಿನ ಮ್ಯಾಲೆ ಆಸೆ ಇಟ್ಕೋಬ್ಯಾಡ್ರಿ. ಗಿಡಕ್ಕ ಟೊಂಗಿ ಬಂತು ಅಂದ್ರ, ಟೊಂಗಿ ತುದಿಗೆ ಹೋಗಿ, ತುಂಬಕೋತ ವಾಪಸ್ ಬುಡಕ್ಕ ಬಂದು, ಆಮ್ಯಾಲೆ ಕಾಂಡ ಮುಂದ ಹತ್ರಿ. ಟೊಂಗಿಯಿಂದ ಟೊಂಗಿಗೆ ಜಿಗೀಬ್ಯಾಡ್ರಿ, ಹಿಂದ ದಾರ ಜೋತಾಡೂದು ಅದರಿಂದನ. ಬರೋವಾಗ ಸೂಜಿ ಹಳೇ ಹೊಲಿಗಿಯ ಒಂದs ಬದಿಗೆ ಏಳಬೇಕು, ಇನ್ನೊಂದು ಬದಿಗೆ ಇಳೀಬೇಕು. ಒಮ್ಮೆ ಹಿಂಗ ಒಮ್ಮೆ ಹಂಗ ಮಾಡಿದ್ರ ಗೆರಿ ಹಲ್ಲು ಹಲ್ಲು ಕಾಣ್ತದ.

ಮುರ್ಗಿ ಹೊಲಿಗಿ ಮೆಟ್ಟಿಲಿದ್ಹಂಗ: ಹೋಗೋವಾಗ ಮುಂದ ಬರೇ ಅಡ್ಡ, ಬರೋವಾಗ ಬರೇ ಉದ್ದ. ಕಟ್ಟಿ ಅಂಚಿಗೆ, ನವಿಲಿನ ಬಾಲಕ್ಕ ಚಂದ. ನವಿಲಿನ ಹೊಟ್ಟಿ ತುಂಬ್ಲಿಕ್ಕೆ ನೇಯ್ದಂಗ ಕಾಣೋ ನೇಯ್ಗಿ ಹೊಲಿಗಿ, ಆದ್ರ ದಾರ ಜಗ್ಗಬ್ಯಾಡ್ರಿ, ಬಟ್ಟಿ ಸುಕ್ಕಾಗ್ತದ. ಮೆಂತಿ ಅಂದ್ರ ಗುಣಾಕಾರ ಗುರ್ತಿನಂಥಾ ಹೊಲಿಗಿ, ಹಿಂದ ಮುಂದ ಒಂದs ಥರ ಬರೂದಿಲ್ಲ, ಅದಕ್ಕ ಕವರಿನಂಥಾ ಹಿಂದ ಕಾಣಲಾರದ ಕಡೆ ಮಾತ್ರ ಹಾಕ್ರಿ.

ಕೆಂಪು ದಾರ ನೀರಾಗ ತೋಯಿಸಿ ಬಿಳಿ ಅರಿವಿಗೆ ತಿಕ್ಕಿ ನೋಡ್ರಿ, ಬಣ್ಣ ಬಿಟ್ರ ಬ್ಯಾರೆ ತಗೋರಿ. ಮುಂದ ಇಳಕಲ್ ಸೀರಿ ಮ್ಯಾಲೆ ಇದನ್ನ ಹಾಕೋದಿದ್ರ ಮ್ಯಾಲೆ ಜಾಳಗಿ ಬಟ್ಟಿ ಕಚ್ಚಾ ಹೊಲಿದು ಎಣಿಸ್ರಿ, ಸೂಜಿ ಆಗ ಚೂಪಂದು ಬೇಕು, ಜಾಳಗಿ ಎಳಿಗೆ ಚುಚ್ಚಬಾರದು. ಮುಗದ ಮ್ಯಾಲೆ ಜಾಳಗಿ ಎಳಿ ಒಂದೊಂದಾಗಿ ಜಗ್ಗಿ ತಗೀರಿ.

ಮುಂದಿನ ಫೋಟೋ ಹಿಂದಿನ ಮೈದು ಕಳಸ್ರಿ, ತಪ್ಪಿದ್ರ ಅಲ್ಲೇ ಕಾಣ್ತದ.