ಅಪ್‌ಡೇಟ್: ಓಟದ ಕ್ಲಬ್ ಬಿಡಲಾ ಅಂತ ಕೇಳಿದ್ದೆನಲ್ಲ, ಬಿಡಲಿಲ್ಲ

ಹೋದ ತಿಂಗಳು ಕೇಳಿದ್ದೆ: ಓಟದ ಕ್ಲಬ್ಬಿಗೆ ಸೇರಿದ್ದೇನೆ, ಒಂದು ಕಿಲೋಮೀಟರಿಗೆ ನನಗೆ 9 ನಿಮಿಷ ಬೇಕು, ಎಲ್ಲರೂ ಮುಂದೆ ಹೋಗಿಬಿಡುತ್ತಾರೆ, ಬಿಟ್ಟುಬಿಡಲಾ ಅಂತ. ಬಿಡಬೇಡಿ, ಗುಂಪು ನಡೆಸುವವರಿಗೆ ಬಾಯಿಬಿಟ್ಟು ಹೇಳಿ ಅಂದಿರಿ. ಹೇಳಿದೆ.

ಅವರಿಗೆ ಇದು ಗೊತ್ತೇ ಇರಲಿಲ್ಲವಂತೆ. ಮುಂದಿನ ಭಾನುವಾರದಿಂದಲೇ ಸರದಿಯ ಮೇಲೆ ಒಬ್ಬರು ಹಿಂದೆ ಉಳಿಯುವುದು ಅಂತಾಯಿತು. ಕೊನೆಯವರನ್ನು ಬಿಟ್ಟು ಅವರು ಮುಂದೆ ಹೋಗುವ ಹಾಗಿಲ್ಲ. ಮೊದಲ ದಿನ ನನ್ನ ಜೊತೆ ಉಳಿದವರು ಮ್ಯಾರಥಾನ್ ಓಡಿದವರು, ಅಂದರೆ ಪೂರಾ 42.195 ಕಿಲೋಮೀಟರ್! ನನಗೋ ಸಂಕೋಚ. "ಮಾತಾಡ್ತಾ ಓಡೋಕಾಗುತ್ತೆ ಅಲ್ವಾ, ಅದೇ ಸರಿಯಾದ ವೇಗ" ಅಂದರು. ಏದುಸಿರು ಬಂದಾಗ ಸುಮ್ನೆ ನಡೆದೆವು. ನನ್ನ ಶೂ ಲೇಸ್ ಬಿಚ್ಚಿಕೊಂಡಿತು. ನಾನು ಕೂತು ಕಟ್ಟಿಕೊಳ್ಳುವಷ್ಟು ಹೊತ್ತು ಅವರೂ ಪಕ್ಕದಲ್ಲೇ ನಿಂತಿದ್ದರು. ನನಗೆ ಜಾಸ್ತಿ ನೆನಪಿರುವುದು ಅದೇ.

5 ಕಿಲೋಮೀಟರ್ ಮುಗಿಸಿ ಬಂದಾಗ ಯಾರೂ ಮನೆಗೆ ಹೊರಟಿರಲಿಲ್ಲ. ಬೆವರು ಆರಿದ ಮೇಲೂ ಕಾಯುತ್ತಿದ್ದರು.

ವೇಗ ಅಷ್ಟೇನೂ ಹೆಚ್ಚಿಲ್ಲ. ಈಗ ಹೊಸಬರೊಬ್ಬರು ಸೇರಿದ್ದಾರೆ, ನನಗಿಂತ ನಿಧಾನ. ಈ ಭಾನುವಾರ ಹಿಂದೆ ಉಳಿಯುವ ಸರದಿ ನನ್ನದು, ನಾನೇ ಕೇಳಿ ತೆಗೆದುಕೊಂಡೆ.