ಸಿಗರೇಟ್ ಕಂಪನಿ ದುಡ್ಡಲ್ಲಿ ಶಾಲೆಗೆ ಶೌಚಾಲಯ: ತಗೊಳ್ಳೋದಾ, ಬೇಡ್ವಾ?

ನಾನು ಹುಣಸೂರು ತಾಲೂಕಿನ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿಕೊಡುತ್ತೇವೆ ಅಂತ ಒಂದು ಸಿಗರೇಟ್ ಕಂಪನಿಯವರು ಬಂದಿದ್ದಾರೆ. ಗೋಡೆ ಮೇಲೆ ಅವರ ಹೆಸರು ಬರೆಸಬೇಕಂತೆ. ಮಹಿಳಾ ದಿನಕ್ಕೆ ಮಕ್ಕಳ ಜೊತೆ ಫೋಟೋ ಬೇಕಂತೆ. ಶೌಚಾಲಯ ನಮಗೆ ನಿಜಕ್ಕೂ ಬೇಕು. ಇಂಥದ್ದು ಕಂಡವರು ಏನು ಮಾಡಿದಿರಿ?

ನಿವೃತ್ತ ಮುಖ್ಯಶಿಕ್ಷಕರು:
ಮೇಡಂ, ನಮ್ಮಲ್ಲಿಗೂ ಹೀಗೇ ಬಂದಿದ್ದರು, ಕುಡಿಯುವ ನೀರಿನ ಘಟಕ ಹಾಕಿಸಿಕೊಡಲು. ನಾನು ಒಪ್ಪಿದೆ. ನೀರು ಚೆನ್ನಾಗೇ ಬಂತು. ಆದರೆ ಗೇಟಿನ ಹೊರಗೆ '100 ಗಜದೊಳಗೆ ತಂಬಾಕು ಮಾರುವಂತಿಲ್ಲ' ಅಂತ ಬೋರ್ಡ್, ಹತ್ತು ಹೆಜ್ಜೆ ಒಳಗೆ ಬಂದರೆ ನಲ್ಲಿ ಮೇಲೆ ಕಂಪನಿ ಹೆಸರು. ಆರನೇ ಕ್ಲಾಸಿನ ಹುಡುಗನೊಬ್ಬ ಎರಡನ್ನೂ ಓದಿ, "ಸಾ, ಇವರು ಒಳ್ಳೆಯವರಾ, ಕೆಟ್ಟವರಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ವರ್ಷ ಕಳೆದ ಮೇಲೆ ಫಿಲ್ಟರ್ ಬದಲಿಸಲು ಯಾರೂ ಬರಲಿಲ್ಲ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವರದಿ ಬರೆಯುತ್ತಿದ್ದವಳು, ಬೆಂಗಳೂರು:
ಅಕ್ಕ, ಮೊದಲು ಒಂದು ತಿಳ್ಕೊಳ್ಳಿ. ಇದು ಅವರು ಸುಮ್ನೆ ಮಾಡುವ ದಾನ ಅಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ತೆಗೆದಿಡಬೇಕು. ಹಾಗಾಗಿ ಹೆಸರು ಬೇಡ ಅನ್ನಲು ಸಂಕೋಚ ಬೇಡ. 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆ, ತಂಬಾಕಿನ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ತಡೆಯುತ್ತದೆ. ಟಿವಿಯಲ್ಲಿ ಸಿಗರೇಟ್ ತೋರಿಸಲಾಗದವರಿಗೆ ಶಾಲೆಯ ಗೋಡೆ ಸಿಕ್ಕರೆ ಎಷ್ಟು ಲಾಭ, ಅಲ್ವಾ?

ಮಹಿಳಾ ದಿನದ ಫೋಟೋ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಂಗಸರು ಸಿಗರೇಟ್ ಹಚ್ಚಿಕೊಂಡು ನಡೆಯುವ ಹಾಗೆ ಏರ್ಪಾಡು ಮಾಡಿದವನು ಎಡ್ವರ್ಡ್ ಬರ್ನೇಸ್ ಅನ್ನುವ ಪ್ರಚಾರ ತಜ್ಞ. ಆ ಸಿಗರೇಟಿಗೆ 'ಸ್ವಾತಂತ್ರ್ಯದ ಪಂಜು' ಅಂತ ಹೆಸರು. ಅವನಿಗೆ ದುಡ್ಡು ಕೊಟ್ಟಿದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. 1968ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಹೆಂಗಸರಿಗೆಂದೇ ವರ್ಜೀನಿಯಾ ಸ್ಲಿಮ್ಸ್ ಅನ್ನುವ ಸಿಗರೇಟ್ ತಂದಿತು. ಆಮೇಲೆ ಅದೇ ಹೆಸರಲ್ಲಿ ಮಹಿಳಾ ಟೆನಿಸ್ ಪಂದ್ಯಗಳಿಗೆ ಹಣ ಹಾಕಿತು. ಆ ಆಟಗಾರ್ತಿಯರಿಗೂ ಬಹುಮಾನದ ಹಣ ನಿಜವಾಗಿ ಬೇಕಿತ್ತು, ನಿಮಗೆ ಶೌಚಾಲಯ ಬೇಕಿರುವ ಹಾಗೇ. ಕಷ್ಟ ಇರುವುದೇ ಅಲ್ಲಿ.

ನಾನೇ ಬರೆದ ಒಂದು ವರದಿಯಲ್ಲಿ ನಗುವ ಹುಡುಗಿಯರ ಫೋಟೋ ಇಡೀ ಪುಟ ತುಂಬಿತ್ತು. ಕ್ಯಾನ್ಸರ್ ಅನ್ನುವ ಪದ ಎಲ್ಲೂ ಇರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೆಳೆಗಾರರ ಮಗಳು, ಪಿರಿಯಾಪಟ್ಟಣ:
ನಮ್ಮಪ್ಪ ಹೊಗೆಸೊಪ್ಪು ಬೆಳೆದೇ ನನ್ನನ್ನು ಓದಿಸಿದ್ದು. ಅಮ್ಮ ರಾತ್ರಿಯಿಡೀ ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬೆಂಕಿ ಕಾಯುತ್ತಿದ್ದಳು. ಆ ಫೋಟೋ ತೆಗೆಯಲು ಯಾವ ಮಹಿಳಾ ದಿನಕ್ಕೂ ಯಾರೂ ಬರಲಿಲ್ಲ.

ನಮ್ಮೂರ ಶಾಲೆಯ ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿಯಿಂದ) ಹೀಗೇ ಬಂದ ಕಂಪನಿಗೆ ಪತ್ರ ಬರೆದೆವು: ಹೆಸರು ಹಾಕುವಂತಿಲ್ಲ, ಮಕ್ಕಳ ಫೋಟೋ ಇಲ್ಲ, ಐದು ವರ್ಷ ರಿಪೇರಿ ಖರ್ಚು ನಿಮ್ಮದೇ. ಅವರು ಮತ್ತೆ ಬರಲಿಲ್ಲ. ಕೊನೆಗೆ ಪಂಚಾಯಿತಿಯವರು ನರೇಗಾದಲ್ಲಿ ಕಟ್ಟಿಸಿದರು, ಒಂದೂವರೆ ವರ್ಷ ತಡವಾಗಿ. ಅಷ್ಟು ದಿನ ಹೆಣ್ಣುಮಕ್ಕಳು ತುಂಬಾ ಕಷ್ಟಪಟ್ಟರು, ಅದನ್ನು ಮುಚ್ಚಿಡುವುದಿಲ್ಲ. ಪತ್ರದ ನಕಲು ನನ್ನ ಹತ್ತಿರ ಇದೆ ಮೇಡಂ, ಬೇಕಿದ್ದರೆ ಕಳಿಸುತ್ತೇನೆ.