ಮನೋವೈದ್ಯರನ್ನು ಕೇಳಿ: ಸ್ಕಿಜೋಫ್ರೇನಿಯಾ, ವಂಶವಾಹಿ, ಮುಖಭಾವ

ಹಾಸನದ ಸದಸ್ಯೆ: ಡಾಕ್ಟರೇ, ನನ್ನ ತಮ್ಮನಿಗೆ 24 ವರ್ಷ. ಸ್ಕಿಜೋಫ್ರೇನಿಯಾ ಇದೆ. ಮಾತ್ರೆಯಿಂದ ಕಿವಿಯಲ್ಲಿ ದನಿ ಕೇಳಿಸುವುದು ನಿಂತಿದೆ. ಆದರೆ ಎದುರಿನವರ ಮುಖ ನೋಡಿ ಮನಸ್ಸು ತಿಳಿಯಲು ಆಗುತ್ತಿಲ್ಲ. ಅಜ್ಜಿ ತೀರಿಕೊಂಡ ದಿನ ಅಳುತ್ತಿದ್ದ ಅಮ್ಮನನ್ನು, ‘ನನ್ನ ಮೇಲೇಕೆ ಸಿಟ್ಟು?’ ಎಂದು ಕೇಳಿದ. ನೆಂಟರು ಕಲ್ಲುಮನಸ್ಸಿನವನು ಎಂದರು. ಹುಟ್ಟುವಾಗ ಸೀಳಂಗುಳ, ಹೃದಯದಲ್ಲಿ ರಂಧ್ರ ಇದ್ದವು, ಎರಡಕ್ಕೂ ಶಸ್ತ್ರಚಿಕಿತ್ಸೆಯಾಗಿದೆ. ಇದು ವಂಶದಿಂದ ಬಂದಿದ್ದೇ?

ಗದಗದ ಸದಸ್ಯ: ಮದುವೆ ಮಾಡಿದರೆ ಈ ಕಾಯಿಲೆ ಸರಿಹೋಗುತ್ತದೆಯೇ?

ಮನೋವೈದ್ಯೆ: ಇಲ್ಲ. ಹಿಂದೆಯೂ ಉತ್ತರಿಸಿದ್ದೇನೆ.

ಮನೋವೈದ್ಯೆ (ಹಾಸನದವರಿಗೆ): ನಿಮ್ಮ ತಮ್ಮ ಕಲ್ಲುಮನಸ್ಸಿನವನಲ್ಲ. ಮುಖಭಾವ ಗುರುತಿಸುವ, ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿ ಈ ಕಾಯಿಲೆಯಲ್ಲಿ ಕುಗ್ಗುತ್ತದೆ. ದನಿ ಅಡಗಿಸುವ ಮಾತ್ರೆ ಇದನ್ನು ಅಷ್ಟಾಗಿ ಸುಧಾರಿಸುವುದಿಲ್ಲ. ಕಾಯಿಲೆಯಿಲ್ಲದ ಒಡಹುಟ್ಟಿದವರಲ್ಲೂ ಇದೇ ತೊಡಕು ಸೌಮ್ಯವಾಗಿ ಕಾಣುವುದುಂಟು. ವಂಶವಾಹಿಗಳ ಪಾಲಿದೆ ಎನ್ನಲು ಅದೊಂದು ಸುಳಿವು. ಸಾಮಾನ್ಯವಾಗಿ ಬಹಳಷ್ಟು ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವ ಕೂಡಿ ಅಪಾಯ ಹೆಚ್ಚುತ್ತದೆ.

ಆದರೆ ನನ್ನನ್ನು ಕಾಡುತ್ತಿರುವುದು ಆ ಸೀಳಂಗುಳ ಮತ್ತು ಹೃದಯದ ರಂಧ್ರ. ಎರಡೂ ಜೊತೆಗಿದ್ದು ಈ ಕಾಯಿಲೆಯೂ ಬಂದಿದ್ದರೆ, ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮುಗಳಲ್ಲಿ 22ನೆಯದರ ಒಂದು ತುಣುಕು ಇಲ್ಲವಾಗಿದೆಯೇ ಎಂದು ನೋಡಲೇಬೇಕು. ಈ ಲೋಪಕ್ಕೆ 22ಕ್ಯೂ11.2 ಡಿಲೀಷನ್ ಎನ್ನುತ್ತಾರೆ. ಅದಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಅಥವಾ ಅಂಥ ಕಾಯಿಲೆ ಬರುತ್ತದೆ. ಮುಖಭಾವ ತಿಳಿಯುವ ಕಷ್ಟ ಬಾಲ್ಯದಿಂದಲೇ ಇರಬಹುದು. ರಕ್ತದ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುವ ಅಪಾಯವಿದೆ. ಮುಂದೆ ಯಾವ ವೈದ್ಯರಾದರೂ ಕ್ಲೋಜಪಿನ್ ಎಂಬ ಸ್ಕಿಜೋಫ್ರೇನಿಯಾ ಔಷಧ ಕೊಡುವುದಾದರೆ ಅವರಿಗೆ ಇದು ಮೊದಲೇ ಗೊತ್ತಿರಬೇಕು, ಏಕೆಂದರೆ ಆ ಔಷಧವೂ ಫಿಟ್ಸ್ ತರಬಲ್ಲದು. ಕ್ಯಾಲ್ಸಿಯಂ ಈ ವಾರವೇ ನೋಡಿಸಿ. ಕ್ರೋಮೋಸೋಮಿನ ತುಣುಕು ಇಲ್ಲವಾಗಿದೆಯೇ ಎಂದು ತೋರಿಸುವ ಮೈಕ್ರೋಅರೇ ರಕ್ತಪರೀಕ್ಷೆಗಾಗಿ ವಂಶವಾಹಿ ತಜ್ಞರನ್ನು ಕಾಣಿ. ಈ ಲೋಪ ಇರುವವರ ಪೈಕಿ ಶೇ. 90ರಷ್ಟು ಜನರಲ್ಲಿ ಅದು ಹೊಸದಾಗಿ ಉಂಟಾದದ್ದು. ತಂದೆ ತಾಯಿಯಿಂದ ಬಂದಿರುವುದಿಲ್ಲ. ಯಾರ ಕಡೆಯಿಂದ ಬಂತು ಎಂಬ ಜಗಳ ಮನೆಯಲ್ಲಿ ಬೇಡ.

ಮೈಸೂರಿನ ಸದಸ್ಯ: ಫಾರ್ವರ್ಡ್ ಬಂದಿದೆ: ‘ಬ್ರಾಹ್ಮೀ ತುಪ್ಪವನ್ನು ಮೂಗಿಗೆ ಬಿಟ್ಟು, 48 ದಿನ ಮಾತ್ರೆ ನಿಲ್ಲಿಸಿದರೆ ವಂಶದೋಷವೂ ಹೋಗುತ್ತದೆ.’ ಅನುಕೂಲವಾದೀತು ಎಂದು ಹಾಕಿದ್ದೇನೆ.

ಮನೋವೈದ್ಯೆ: ಅನುಕೂಲವಲ್ಲ, ಅಪಾಯ. ಇಲ್ಲವಾದ ವಂಶವಾಹಿಯನ್ನು ಯಾವ ತುಪ್ಪವೂ ಮರಳಿ ತರುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಜೀವವೂ ಹೋಗಬಹುದು. ಅಳಿಸಿ.

ಮೈಸೂರಿನ ಸದಸ್ಯ: ಹಾಗಾದರೆ ನಮ್ಮ ಹಿರಿಯರೆಲ್ಲ ದಡ್ಡರೇ?

ಗದಗದ ಸದಸ್ಯ: ಅದಕ್ಕೇ ಹಿರಿಯರು ಮನೆತನ ನೋಡಿ ಹೆಣ್ಣು ತರುತ್ತಿದ್ದರು.

ಉಡುಪಿಯ ಸದಸ್ಯೆ: ನನ್ನ ಅಣ್ಣನಿಗೆ ಈ ಕಾಯಿಲೆಯಿದೆ. ಎಂಥ ಮನೆತನ ನಮ್ಮದು, ಹೇಳಿ?

ಗದಗದ ಸದಸ್ಯ: ನಿಮಗೆ ಹೇಳಿದ್ದಲ್ಲ, ಮೇಡಂ.

ಉಡುಪಿಯ ಸದಸ್ಯೆ: ಮತ್ತೆ ಯಾರಿಗೆ?

ಬೆಳಗಾವಿಯ ಸದಸ್ಯ: ಮುಖಭಾವ ತಿಳಿಯಲು ಆಕ್ಸಿಟೋಸಿನ್ ಹಾರ್ಮೋನಿನ ಮೂಗಿನ ಸ್ಪ್ರೇ ಉಪಯೋಗವೇ?

ಮನೋವೈದ್ಯೆ (ಉಡುಪಿಯವರಿಗೆ): ಒಡಹುಟ್ಟಿದವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಹೆಚ್ಚಿನವರಿಗೆ ಬರುವುದಿಲ್ಲ. ಮನೆತನದ ಮಾತು ಯಾರಾದರೂ ಮತ್ತೆ ಎತ್ತಿದರೆ ನಾನು ಇಲ್ಲಿ ಉತ್ತರಿಸುವುದಿಲ್ಲ.

ಹಾಸನದ ಸದಸ್ಯೆ: ಡಾಕ್ಟರೇ, ಸೋಮವಾರ ಕರೆದುಕೊಂಡು ಹೋಗುತ್ತೇವೆ.

ಮನೋವೈದ್ಯೆ: ಶಸ್ತ್ರಚಿಕಿತ್ಸೆಯ ಹಳೆಯ ಕಾಗದಗಳನ್ನೂ ಈಗಿನ ಮಾತ್ರೆಚೀಟಿಯನ್ನೂ ಒಯ್ಯಿರಿ. ಅಲ್ಲಿಯವರೆಗೆ ಒಂದು ಮಾತ್ರೆಯೂ ತಪ್ಪಬಾರದು.